ಹೊನ್ನಾಳಿ ‘ಖೊನ್ನಾಲಿ’ ಆಗುವ ನಾಡಿನಲ್ಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರನ್ನು ರಷ್ಯನ್ ಲಿಪಿಯಲ್ಲಿ ಬರೆಯಲು ಕುಳಿತರೆ ಆ ಭಾಷೆಯ ಮೊದಲ ಪಾಠ ಅರ್ಧ ಮುಗಿದಂತೆಯೇ. ಚನ್ನಗಿರಿಗೆ ತೊಂದರೆಯಿಲ್ಲ, ‘ಚ’ಕ್ಕೂ ‘ಗ’ಕ್ಕೂ ಅಲ್ಲಿ ಸ್ವಂತ ಅಕ್ಷರಗಳುಂಟು. ನ್ಯಾಮತಿಯಂತೂ ರಷ್ಯನ್ನರ ನಾಲಿಗೆಗೆಂದೇ ಹೇಳಿಮಾಡಿಸಿದ ಹೆಸರು. ‘ನ್ಯಾ’ ಎಂಬ ಮೆದು ಉಚ್ಚಾರಣೆ ಅವರಿಗೆ ನೀರು ಕುಡಿದಷ್ಟು ಸಲೀಸು. ಜಗಳೂರಿನ ‘ಜ’ಕಾರಕ್ಕೆ ಒಂದೇ ಅಕ್ಷರ ಸಿಗುವುದಿಲ್ಲ, ‘ದ’ ಮತ್ತು ‘ಝ’ಕ್ಕೆ ಹತ್ತಿರವಾದ ಎರಡು ಅಕ್ಷರಗಳನ್ನು ಜೋಡಿಸಬೇಕು. ‘ಳ’ಕಾರವಂತೂ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಪಾಡುಪಡುವುದು ಹೊನ್ನಾಳಿ. ರಷ್ಯನ್ನಿನಲ್ಲಿ ನಮ್ಮ ‘ಹ’ ಇಲ್ಲ. ಗಂಟಲನ್ನು ಕೆರೆದು ಹೊರಡುವ ‘ಖ’ದಂಥ ಧ್ವನಿಯೇ ಗತಿ. ಹೀಗಾಗಿ ತುಂಗಭದ್ರೆಯ ದಡದ ಹೊನ್ನಾಳಿ ಮಾಸ್ಕೋದಲ್ಲಿ ‘ಖೊನ್ನಾಲಿ’ ಆಗಿಬಿಡುತ್ತದೆ.

ಮಾಸ್ಕೋ ಎಂದೆವಷ್ಟೆ. ಅಲ್ಲಿಯವರು ಹಾಗೆನ್ನುವುದಿಲ್ಲ. ಬರೆಯುವುದು ‘ಮೊಸ್ಕ್ವಾ’, ಓದುವುದು ‘ಮಸ್ಕ್ವಾ’. ಒತ್ತು ಬೀಳದ ‘ಒ’ಕಾರ ಅಲ್ಲಿ ‘ಅ’ಕಾರವಾಗುತ್ತದೆ. ಒತ್ತು ಎಲ್ಲಿ ಬೀಳುತ್ತದೆಂದು ಅಚ್ಚಿನಲ್ಲಿ ತೋರಿಸುವ ಪದ್ಧತಿಯೂ ಇಲ್ಲ. ಇದನ್ನು ಪುಸ್ತಕದಿಂದ ಕಲಿಯಲಾಗದು, ಕಿವಿಯಿಂದಲೇ ಕಲಿಯಬೇಕು. ಬೇಸಿಗೆಯಲ್ಲಿ ಕೆಲವು ವಾರ ಅಲ್ಲಿಯೇ ಇದ್ದು ಭಾಷೆ ಕಲಿಯುವ ಏರ್ಪಾಡುಗಳಿಗೆ ಬೆಲೆ ಬಂದಿರುವುದು ಇದರಿಂದಲೇ.

ಅಡಿಕೆ ತೋಟದ ಚನ್ನಗಿರಿಗೂ ಮಳೆಯ ದಾರಿ ಕಾಯುವ ಜಗಳೂರಿಗೂ ರಷ್ಯನ್ ಭಾಷೆ ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಉತ್ತರ ದಾವಣಗೆರೆಯ ಬೀದಿಗಳಲ್ಲಿದೆ. ಜಿಲ್ಲಾ ಕೇಂದ್ರದಲ್ಲಿರುವ ಎರಡು ವೈದ್ಯಕೀಯ ಕಾಲೇಜುಗಳೂ ಖಾಸಗಿಯವು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ‘ನೀಟ್’ನಲ್ಲಿ ತೇರ್ಗಡೆಯೂ ಆಗಿ, ಸರ್ಕಾರಿ ಸೀಟು ಕೈತಪ್ಪಿದ ಮಗ ಅಥವಾ ಮಗಳು ಮನೆಯಲ್ಲಿ ಕುಳಿತಿರುವಾಗ ಯಾರೋ ಒಬ್ಬರು ರಷ್ಯಾದ ಹೆಸರು ಹೇಳುತ್ತಾರೆ. ಇಲ್ಲಿಯ ಖಾಸಗಿ ಸೀಟಿನ ದುಡ್ಡಿಗೂ ಅಲ್ಲಿಯ ಶುಲ್ಕಕ್ಕೂ ಅಜಗಜಾಂತರ. ಅಪ್ಪ ತೋಟದ ಮೇಲೆ ಸಾಲ ತೆಗೆಯಬಹುದೇ ಎಂದು ಲೆಕ್ಕ ಹಾಕತೊಡಗುತ್ತಾನೆ. ‘ಪಾಠವೆಲ್ಲ ಇಂಗ್ಲಿಷಿನಲ್ಲೇ, ಭಾಷೆಯ ತಾಪತ್ರಯವಿಲ್ಲ’ ಎಂಬ ಭರವಸೆ ಆ ಮಾತುಕತೆಯ ಮಧ್ಯೆ ಎಲ್ಲೋ ಒಂದು ಕಡೆ ತೂರಿಬರುತ್ತದೆ.

ಈ ಭರವಸೆ ಸುಳ್ಳಲ್ಲ. ಆದರೆ ಅರ್ಧ ನಿಜ. ತರಗತಿ ಇಂಗ್ಲಿಷಿನಲ್ಲಿ ನಡೆಯಬಹುದು. ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ಮೊದಲ ಎರಡು ವರ್ಷ ಪುಸ್ತಕ, ಶವಪರೀಕ್ಷೆಯ ಮೇಜು, ಪ್ರಯೋಗಶಾಲೆಗಳಲ್ಲಿ ಕಳೆದುಹೋಗುತ್ತವೆ. ಆಮೇಲೆ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟಾಗ ಮಂಚದ ಮೇಲಿನ ಅಜ್ಜಿ ‘ಉ ಮಿನ್ಯಾ ಬಲೀತ್ ಗಲವಾ’ ಎಂದರೆ, ತಲೆ ನೋಯುತ್ತಿದೆ ಎನ್ನುತ್ತಿದ್ದಾಳೆಂದು ತಿಳಿಯಬೇಕು. ಎಂದಿನಿಂದ, ಯಾವ ಭಾಗದಲ್ಲಿ, ವಾಂತಿಯಾಯಿತೇ ಎಂದು ಮರುಪ್ರಶ್ನೆ ಕೇಳಬೇಕು. ಅದು ಬಾರದ ವಿದ್ಯಾರ್ಥಿ ವಾರ್ಡಿನ ಮೂಲೆಯಲ್ಲಿ ನಿಂತು ನೋಡುತ್ತಾನೆ, ಅಷ್ಟೇ.

ನಮ್ಮ ದೇಶದ ನಿಯಮವೂ ಈಗ ಬಿಗಿಯಾಗಿದೆ. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಾವಳಿಯ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಓದಿದ ದೇಶದಲ್ಲಿ ಆ ದೇಶದವರಂತೆಯೇ ವೃತ್ತಿ ನಡೆಸುವ ಅರ್ಹತೆಯೂ ಇರಬೇಕು. ಇಲ್ಲಿಗೆ ಬಂದ ಮೇಲೆ ವಿದೇಶಿ ಪದವೀಧರರ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಗಳಿಸಬೇಕು. ಇಂಗ್ಲಿಷಿನಲ್ಲಿ ಓದಿ, ರಷ್ಯನ್ನಿನಲ್ಲಿ ರೋಗಿಯನ್ನು ನೋಡಿ, ಮತ್ತೆ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವ ಈ ಲೆಕ್ಕದಲ್ಲಿ ನಡುವಿನ ಕೊಂಡಿ ಕಳಚಿದರೆ ಮೊದಲಿನದೂ ಕೊನೆಯದೂ ಸಡಿಲವಾಗುತ್ತವೆ. ಆದ್ದರಿಂದ ಆರು ವರ್ಷದ ಜೂಜಿಗೆ ಇಳಿಯುವ ಮುನ್ನ ಒಂದು ಬೇಸಿಗೆಯನ್ನು ಭಾಷೆಗಾಗಿಯೇ ತೆಗೆದಿಡುವುದು ದುಂದುವೆಚ್ಚವೆನಿಸದು. ಮಗುವಿಗೆ ಆ ಭಾಷೆ, ಆ ಊಟ, ಆ ಒಂಟಿತನ ಒಗ್ಗುತ್ತದೆಯೇ ಎಂಬುದು ಸಾಲದ ಪತ್ರಕ್ಕೆ ಸಹಿ ಬೀಳುವ ಮೊದಲೇ ಗೊತ್ತಾಗುತ್ತದೆ.

ಬೇಸಿಗೆ ಎಂದಾಗ ಒಂದು ಮಾತು. ನಮ್ಮ ಬೇಸಿಗೆಯೂ ಅವರ ಬೇಸಿಗೆಯೂ ಒಂದೇ ಅಲ್ಲ. ಜಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆಲ ಕಾದು ಬಾಣಲೆಯಾದಾಗ ಮಾಸ್ಕೋದಲ್ಲಿ ಹಿಮ ಕರಗಿ ಗಿಡಗಳು ಆಗತಾನೇ ಚಿಗುರುತ್ತಿರುತ್ತವೆ. ಇಲ್ಲಿ ಮುಂಗಾರು ಹಿಡಿದು ಶಾಲೆಗಳ ಬಾಗಿಲು ತೆರೆಯುವ ಜೂನಿನಲ್ಲಿ ಅಲ್ಲಿ ಬೇಸಿಗೆ ಶುರು. ಆಗಸ್ಟ್ ಕೊನೆಯವರೆಗೂ ರಜೆ. ಸೆಪ್ಟೆಂಬರ್ 1 ಅವರಿಗೆ ‘ಜ್ಞಾನದ ದಿನ’, ದೇಶದ ಶಾಲೆಗಳೆಲ್ಲ ಅಂದೇ ತೆರೆಯುತ್ತವೆ. ಹೀಗಾಗಿ ಬೇಸಿಗೆ ತರಗತಿಗೆ ಹೊರಡುವವರು ಮೊದಲು ನೋಡಬೇಕಾದ್ದು ತಮ್ಮ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನು.

ಇಂಥ ತರಗತಿಗಳಿಗೆ ಹೆಸರಾದದ್ದು ಮಾಸ್ಕೋದ ಪುಷ್ಕಿನ್ ರಷ್ಯನ್ ಭಾಷಾ ಸಂಸ್ಥೆ. ಪರದೇಶದವರಿಗೆ ರಷ್ಯನ್ ಕಲಿಸುವುದಕ್ಕೆಂದೇ 1966ರಲ್ಲಿ ಹುಟ್ಟಿದ ಸಂಸ್ಥೆಯಿದು. ನಗರದ ನೈರುತ್ಯ ಭಾಗದಲ್ಲಿ, ಬೆಲ್ಯಾಯೆವೋ ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿದೆ. ತರಗತಿ, ಹಾಸ್ಟೆಲು, ಊಟದ ಮನೆ ಎಲ್ಲ ಒಂದೇ ಆವರಣ. ಅದೇ ದಿಕ್ಕಿನಲ್ಲೇ 1960ರಲ್ಲಿ ಸ್ಥಾಪನೆಯಾದ ಜನಮೈತ್ರಿ ವಿಶ್ವವಿದ್ಯಾಲಯವಿದೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಬಡದೇಶಗಳ ಮಕ್ಕಳಿಗಾಗಿ ಕಟ್ಟಿದ ಈ ವಿದ್ಯಾಲಯಕ್ಕೆ 1961ರಲ್ಲಿ ಕಾಂಗೋದ ನಾಯಕ ಪ್ಯಾಟ್ರಿಸ್ ಲುಮುಂಬಾರ ಹೆಸರಿಟ್ಟರು, ಸೋವಿಯತ್ ಒಕ್ಕೂಟ ಒಡೆದ ಮೇಲೆ 1992ರಲ್ಲಿ ತೆಗೆದರು, 2023ರಲ್ಲಿ ಮತ್ತೆ ಇಟ್ಟರು. ಒಂದು ಬೋರ್ಡಿನ ಮೇಲೆ ಒಂದು ದೇಶದ ಚರಿತ್ರೆಯನ್ನೇ ಓದಬಹುದು!

ಆ ಬೋರ್ಡನ್ನು ಓದುವುದೇ ಮೊದಲ ಕಷ್ಟ. ರಷ್ಯನ್ ಲಿಪಿಯಲ್ಲಿ 33 ಅಕ್ಷರಗಳು. ಹಲವು ಇಂಗ್ಲಿಷಿನಂತೆಯೇ ಕಾಣುತ್ತವೆ, ಆದರೆ ಮೋಸ ಮಾಡುತ್ತವೆ. ‘ಪಿ’ಯಂತೆ ಕಾಣುವುದು ‘ರ’, ‘ಎಚ್’ನಂತೆ ಕಾಣುವುದು ‘ನ’, ‘ಸಿ’ಯಂತೆ ಕಾಣುವುದು ಯಾವಾಗಲೂ ‘ಸ’. ಹೋಟೆಲಿನ ಮುಂದೆ ನಿಂತ ಹೊಸಬರು ‘ಪೆಕ್ಟೋಪಾ’ ಎಂದು ಓದಿಕೊಳ್ಳುತ್ತಾರೆ. ಅಲ್ಲಿ ಬರೆದಿರುವುದು ‘ರೆಸ್ತೊರಾನ್’. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು ಇಲ್ಲಿ ಹೆಚ್ಚು ಎಡವುತ್ತಾರೆ ಎಂಬುದು ವಿಚಿತ್ರವಾದರೂ ನಿಜ.

ಲಿಪಿಯ ಹೊಸ್ತಿಲು ದಾಟಿದ ಮೇಲೆ ಕನ್ನಡದ ಮಕ್ಕಳಿಗೆ ಒಂದು ಸಂತೋಷ ಕಾದಿದೆ. ‘ಐ ಆ್ಯಮ್ ಟ್ವೆಂಟಿ’ ಎನ್ನುವ ಇಂಗ್ಲಿಷಿನ ಜಾಡು ರಷ್ಯನ್ನಿನಲ್ಲಿ ನಡೆಯುವುದಿಲ್ಲ. ‘ಮ್ನ್ಯೆ ದ್ವಾದ್ಸತ್ ಲ್ಯೇತ್’ ಎನ್ನಬೇಕು. ಪದಕ್ಕೆ ಪದ ಇಟ್ಟು ನೋಡಿ: ‘ನನಗೆ ಇಪ್ಪತ್ತು ವರ್ಷ’. ಚಳಿಯಾದರೆ ‘ಮ್ನ್ಯೆ ಖೋಲದ್ನ’, ಅಂದರೆ ‘ನನಗೆ ಚಳಿ’. ‘ಇದು ಮನೆ’ ಎನ್ನಲು ‘ಎತ ದೋಮ್’ ಸಾಕು. ‘ಈಸ್’ ಎಂಬ ಕ್ರಿಯಾಪದದ ಹಂಗಿಲ್ಲ, ‘ದಿ’, ‘ಎ’ಗಳ ಕಾಟವೂ ಇಲ್ಲ. ನಾಮಪದದ ಬಾಲಕ್ಕೆ ಪ್ರತ್ಯಯ ಹಚ್ಚಿ ಅರ್ಥ ಬದಲಿಸುವ ವಿಭಕ್ತಿಗಳು ಅಲ್ಲಿ ಆರು. ಇಂಗ್ಲಿಷರು ಇದಕ್ಕೇ ಹೆದರುವುದು. ಪ್ರಥಮಾದಿಂದ ಸಪ್ತಮಿಯವರೆಗೆ ಪ್ರೈಮರಿ ಶಾಲೆಯಲ್ಲೇ ಒಪ್ಪಿಸಿದ ಹೊನ್ನಾಳಿಯ ಹುಡುಗನಿಗೆ ಆರು ಯಾವ ಲೆಕ್ಕ? ಹಿರಿಯರಿಗೆ, ಅಪರಿಚಿತರಿಗೆ ‘ವೀ’, ಗೆಳೆಯರಿಗೆ ‘ತೀ’. ನಮ್ಮ ನೀವು, ನೀನು ಹಾಗೆಯೇ. ಮೇಷ್ಟರನ್ನು ‘ತೀ’ ಎಂದು ಕರೆದರೆ ಏನಾದೀತೆಂದು ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಹೀಗೆ ಸುಗಮವೆಂದಲ್ಲ. ರಷ್ಯನ್ನಿನಲ್ಲಿ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಜೀವವಿಲ್ಲದ್ದಕ್ಕೆಲ್ಲ ‘ಅದು’ ಎಂದು ಬೆಳೆದ ಕನ್ನಡಿಗನಿಗೆ ಇದು ತಲೆನೋವು. ಆದರೆ ನ್ಯಾಮತಿ ತಾಲ್ಲೂಕಿನ ತಾಂಡಾಗಳ ಮಕ್ಕಳಿಗೆ ಅಷ್ಟು ಹೊಸದಲ್ಲ. ಸಂತ ಸೇವಾಲಾಲರ ಜನ್ಮಸ್ಥಳವೆನ್ನುವ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸಿನಿಮಾದಲ್ಲಿ ಹಿಂದಿ ಎಂದು ಬೆಳೆದ ಮಕ್ಕಳಿಗೆ ವಸ್ತುವಿಗೂ ಲಿಂಗವಿರಬಹುದೆಂಬುದು ಗೊತ್ತು. ಮನೆಯಲ್ಲಿ ಉರ್ದು ಆಡುವ ಚನ್ನಗಿರಿಯ ಮಕ್ಕಳಿಗೂ ಅಷ್ಟೆ. ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಈ ಬಂಡವಾಳ ಅಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪೇಚು ‘ಹೋಗು’ ಎಂಬ ಕ್ರಿಯಾಪದದ್ದು. ಹೊನ್ನಾಳಿಯಿಂದ ನ್ಯಾಮತಿಗೆ ಹೋದೆ ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ. ರಷ್ಯನ್ ಭಾಷೆ ಬಿಡುವುದಿಲ್ಲ: ನಡೆದು ಹೋದೆಯೋ, ಬಸ್ಸಿನಲ್ಲಿ ಹೋದೆಯೋ? ಎರಡಕ್ಕೂ ಬೇರೆ ಬೇರೆ ಕ್ರಿಯಾಪದ. ಹೋಗಿ ಬಂದೆಯೋ, ಹೋಗುತ್ತಿದ್ದೆಯೋ, ಪದೇ ಪದೇ ಹೋಗುತ್ತೀಯೋ ಎಂಬುದಕ್ಕೂ ರೂಪಗಳು ಬೇರೆ. ವರ್ಷಗಟ್ಟಲೆ ಕಲಿತವರೂ ಇಲ್ಲಿ ಮುಗ್ಗರಿಸುವುದುಂಟು.

ಇಂಥವನ್ನು ಕಲಿಸುವ ನಿಜವಾದ ಶಾಲೆ ಮಾಸ್ಕೋದ ಮೆಟ್ರೋ. ಬೆಳಗಿನ ಪಾಠ ಮುಗಿಸಿ ವಿದ್ಯಾರ್ಥಿಗಳು ನೆಲದಡಿಗೆ ಇಳಿಯುತ್ತಾರೆ. ರೈಲು ಹೊರಡುವ ಮುನ್ನ ಪ್ರತಿ ನಿಲ್ದಾಣದಲ್ಲೂ ಅದೇ ಘೋಷಣೆ: ‘ಅಸ್ತರೋಷ್ನ, ದ್ವ್ಯೇರಿ ಝಕ್ರಿವಾಯುತ್ಸ’. ಜಾಗ್ರತೆ, ಬಾಗಿಲುಗಳು ಮುಚ್ಚುತ್ತಿವೆ. ಆ ‘ದ್ವ್ಯೇರಿ’ ನಮ್ಮ ‘ದ್ವಾರ’ದ ದಾಯಾದಿ. ಸಂಸ್ಕೃತಕ್ಕೂ ರಷ್ಯನ್ನಿಗೂ ದೂರದ ನೆಂಟಸ್ತನವಿರುವುದರಿಂದ ಇಂಥ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ಅಗ್ನಿಗೆ ‘ಅಗೋನ್’, ಆಕಾಶಕ್ಕೆ ‘ನ್ಯೇಬ’, ಅಂದರೆ ನಭ, ಎರಡು ಮೂರು ನಾಲ್ಕಕ್ಕೆ ‘ದ್ವಾ, ತ್ರೀ, ಚಿತೀರಿ’. ಇನ್ನೊಂದು ಚಮತ್ಕಾರ: ಊರ ಮಧ್ಯಕ್ಕೆ ಹೋಗುವ ರೈಲಿನಲ್ಲಿ ನಿಲ್ದಾಣದ ಹೆಸರು ಹೇಳುವುದು ಗಂಡು ದನಿ, ಮಧ್ಯದಿಂದ ಹೊರಗೆ ಹೋಗುವುದರಲ್ಲಿ ಹೆಣ್ಣು ದನಿ. ಹಾಸ್ಟೆಲಿಗೆ ಮರಳುವವರು ಗಂಡಸಿನ ದನಿ ಕೇಳಿದರೆ ತಪ್ಪು ರೈಲು ಹತ್ತಿದ್ದೇವೆಂದು ಇಳಿಯಬಹುದು.

ಜೂನಿನ ಮಾಸ್ಕೋದಲ್ಲಿ ಸೂರ್ಯ ರಾತ್ರಿ ಒಂಬತ್ತರ ತನಕ ಮುಳುಗುವುದಿಲ್ಲ. ಪಾಪ್ಲರ್ ಮರಗಳ ಹತ್ತಿ ಬೂರುಗದ ಅರಳೆಯಂತೆ ಬೀದಿಯಲ್ಲೆಲ್ಲ ಹಾರಾಡುತ್ತದೆ. ಜೂನ್ 6 ಕವಿ ಪುಷ್ಕಿನನ ಜನ್ಮದಿನ. ಅದೇ ರಷ್ಯನ್ ಭಾಷೆಯ ದಿನವೂ ಹೌದು. ಇನ್ನೂ ಉತ್ತರದ ಸೇಂಟ್ ಪೀಟರ್ಸ್‌ಬರ್ಗಿಗೆ ವೇಗದ ರೈಲಿನಲ್ಲಿ ನಾಲ್ಕು ತಾಸಿನ ದಾರಿ. ಅಲ್ಲಿ ಜೂನ್ ಕೊನೆಯ ವಾರಗಳಲ್ಲಿ ರಾತ್ರಿಯೆಂಬುದೇ ಇಲ್ಲ ಎನ್ನಬೇಕು. ನಡುರಾತ್ರಿಯಲ್ಲೂ ಆಕಾಶ ಹಾಲು ಬಣ್ಣದ ಬೆಳಕಿನಲ್ಲಿರುತ್ತದೆ, ನೆವಾ ನದಿಯ ಸೇತುವೆಗಳು ಹಡಗುಗಳಿಗೆ ದಾರಿ ಕೊಡಲು ಎರಡಾಗಿ ಮೇಲೇಳುತ್ತವೆ, ಊರಿಗೆ ಊರೇ ದಡದಲ್ಲಿ ನಿಂತು ನೋಡುತ್ತದೆ. ಬೆಳಕಿನಲ್ಲಿ ನಿದ್ದೆ ಬಾರದ ನಮ್ಮ ಮಕ್ಕಳಿಗೆ ಮೊದಲ ವಾರ ತುಸು ಕಷ್ಟವೇ.

ಊಟದ ಚಿಂತೆ ತಾಯಂದಿರದು. ಸಸ್ಯಾಹಾರಿಗಳಿಗೆ ರಷ್ಯಾ ಸುಲಭದ ನಾಡಲ್ಲ, ಆದರೆ ಉಪವಾಸವೂ ಬೀಳುವುದಿಲ್ಲ. ಹುಳಿ ಮಜ್ಜಿಗೆಯನ್ನು ನೆನಪಿಸುವ ‘ಕಿಫೀರ್’ ಉಂಟು, ಹಾಲೊಡೆದು ಮಾಡುವ ‘ತ್ವರೋಗ್’ ಉಂಟು, ತೆಳು ದೋಸೆಯಂಥ ‘ಬ್ಲಿನಿ’ ಉಂಟು. ಗೋಧಿಯಲ್ಲದ, ಅಕ್ಕಿಯೂ ಅಲ್ಲದ ‘ಗ್ರೇಚ್ಕಾ’ ಎಂಬ ಕಾಳನ್ನು ಬೇಯಿಸಿ ಅನ್ನದಂತೆ ಉಣ್ಣುತ್ತಾರೆ. ನವಣೆ ಅನ್ನ ಉಂಡು ಬೆಳೆದವರಿಗೆ ಬೇಗ ರೂಢಿಯಾದೀತು. ಎಲ್ಲಕ್ಕಿಂತ ಮಿಗಿಲಾದದ್ದು ಸಬ್ಬಸಿಗೆ ಸೊಪ್ಪು! ಅವರ ಭಾಷೆಯಲ್ಲಿ ‘ಉಕ್ರೋಪ್’. ಸಾರಿನ ಮೇಲೆ, ಆಲೂಗಡ್ಡೆಯ ಮೇಲೆ, ಸೌತೆಕಾಯಿಯ ಉಪ್ಪಿನಕಾಯಿಯಲ್ಲಿ, ಎಲ್ಲೆಲ್ಲೂ ಅದನ್ನೇ ಉದುರಿಸುತ್ತಾರೆ. ನುಚ್ಚಿನುಂಡೆಯ ನಾಡಿನಿಂದ ಹೋದವರಿಗೆ ಆ ವಾಸನೆಯೇ ಅರ್ಧ ಊರು. ಚಹಾಕ್ಕೆ ‘ಚಾಯ್’ ಎಂದರೆ ಸಾಕು, ಸಕ್ಕರೆಗೆ ‘ಸಾಖರ್’.

ಈ ದಾರಿಯಲ್ಲಿ ಮೊದಲು ನಡೆದವರು ನಮ್ಮವರಲ್ಲ, ಅವರೇ. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಒಂದು ಕುದುರೆಯೊಂದಿಗೆ ಸಮುದ್ರ ದಾಟಿ ಬಂದು ಬಹಮನಿಗಳ ಬೀದರಿನಲ್ಲಿ ಬಹುಕಾಲ ಕಳೆದ. ಅವನ ಬರವಣಿಗೆಯಲ್ಲಿ ರಷ್ಯನ್ನಿನ ನಡುನಡುವೆ ತುರ್ಕಿ, ಪಾರಸಿ ಮಾತುಗಳು ಸೇರಿಕೊಂಡಿವೆ. ಪರನಾಡಿನಲ್ಲಿ ನಾಲಿಗೆ ಬದಲಾಗುವ ಬಗೆಗೆ ಅದಕ್ಕಿಂತ ಹಳೆಯ ಸಾಕ್ಷಿ ಹುಡುಕಬೇಕಿಲ್ಲ. ಮುಂದೆ 20ನೇ ಶತಮಾನದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳ ಮೂಲಕ ಜಿಲ್ಲೆ ಜಿಲ್ಲೆಗೂ ಬಂದವು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆ ಶಾಲೆಯ ಪುಸ್ತಕಗಳಿಗೆ ರಟ್ಟಿನ ಹೊದಿಕೆಯಾದದ್ದು ಇಂದಿನ ತಂದೆತಾಯಿಗಳಿಗೆ ನೆನಪಿರಬಹುದು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಆ ಹೊಳೆ ಬತ್ತಿತು. ಈಗ ರಷ್ಯಾ ನಮ್ಮ ಮನೆಗಳಿಗೆ ಬರುತ್ತಿರುವುದು ಪುಸ್ತಕವಾಗಿ ಅಲ್ಲ, ಸೀಟಾಗಿ.

ಯುದ್ಧದ ಮಾತನ್ನು ಬಿಟ್ಟು ಈ ವಿಷಯ ಬರೆಯುವುದು ಅಪ್ರಾಮಾಣಿಕವಾದೀತು. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ರಷ್ಯಾದ ದಾಳಿಗೆ ಬಲಿಯಾದ. ಆಹಾರ ತರಲು ಹೊರಗೆ ಬಂದಿದ್ದ. ಮನೆಯವರು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜೊಂದಕ್ಕೆ ದಾನ ಕೊಟ್ಟರು. ಡಾಕ್ಟರಾಗಿ ಮರಳಬೇಕಿದ್ದವನು ಹಾಗೆ ಮರಳಿದ. ಸೆಕ್ಯೂರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿ ಸೇರಿದ್ದ ಕಲಬುರಗಿ ಜಿಲ್ಲೆಯ ಯುವಕರು 2024ರಲ್ಲಿ ಪಾರಾಗಿ ಬಂದರು. ವಿದ್ಯಾರ್ಥಿ ವೀಸಾದಲ್ಲಿ ಹೋದವರೂ ಸಿಕ್ಕಿಕೊಂಡ ವರದಿಗಳಿವೆ. ವಿದೇಶಾಂಗ ಇಲಾಖೆ ಪದೇ ಪದೇ ಎಚ್ಚರಿಸಿದೆ. ಓದಲು ಹೋದ ಮಗ ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು ಎಂಬ ಒಂದೇ ಕಾರಣಕ್ಕಾದರೂ ಆ ಭಾಷೆ ಬರಬೇಕು. ಹಣದ ಕಷ್ಟವೂ ಉಂಟು. 2022ರ ಮಾರ್ಚಿನಿಂದ ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳು ಅಲ್ಲಿ ಕೆಲಸ ನಿಲ್ಲಿಸಿರುವುದರಿಂದ ನಮ್ಮ ಬ್ಯಾಂಕಿನ ಆ ಕಾರ್ಡುಗಳನ್ನು ನಂಬಿ ಹೊರಡುವಂತಿಲ್ಲ.

ಹೋಗುವುದೋ ಬೇಡವೋ ಎಂದು ಮನಸ್ಸು ತೂಗಾಡುವವರಿಗೆ ನಡುದಾರಿಯೊಂದಿದೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಕಲಿಯಬಹುದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲೂ ಅದರ ದೊಡ್ಡ ಕೇಂದ್ರವಿದೆ. ಚೆನ್ನೈಯ ‘ರಷ್ಯನ್ ಹೌಸ್’ನಲ್ಲಿ ಭಾಷಾ ತರಗತಿಗಳೂ ನಡೆಯುತ್ತವೆ, ರಷ್ಯಾ ಸರ್ಕಾರದ ವಿದ್ಯಾರ್ಥಿವೇತನದ ವಿಚಾರಣೆಯೂ ಅಲ್ಲೇ. ಆ ವೇತನ ಶುಲ್ಕವನ್ನು ಮನ್ನಾ ಮಾಡುತ್ತದೆ. ವಿಮಾನದ ಖರ್ಚು, ಊಟದ ಖರ್ಚು ಮನೆಯದೇ. ಇಲ್ಲಿ ಆರು ತಿಂಗಳು ಅಡಿಪಾಯ ಹಾಕಿಕೊಂಡು ಅಲ್ಲಿಗೆ ಮೂರು ನಾಲ್ಕು ವಾರಕ್ಕೆ ಹೋದವರಿಗೆ ಆಗುವ ಲಾಭ, ಅಕ್ಷರವೂ ತಿಳಿಯದೆ ಹೋದವರಿಗೆ ಆಗದು.

ಹೆಸರಿನ ವಿಷಯಕ್ಕೂ ಗಮನ ಕೊಡಬೇಕು. ನಮ್ಮ ಕಡೆ ಊರಿನದೊಂದು, ತಂದೆಯದೊಂದು ಇನಿಷಿಯಲ್ಲು ಹಚ್ಚಿಕೊಂಡೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ. ರಷ್ಯನ್ನರಿಗೆ ಮೂರು ಹೆಸರು: ಸ್ವಂತದ್ದು, ತಂದೆಯದು, ಮನೆತನದ್ದು. ಶಿಕ್ಷಕಿಯನ್ನು ‘ಮೇಡಂ’ ಎನ್ನುವುದಿಲ್ಲ, ‘ನತಾಲ್ಯಾ ಇವಾನವ್ನಾ’, ಎಂದರೆ ಇವಾನನ ಮಗಳು ನತಾಲ್ಯಾ, ಎಂದು ತಂದೆಯ ಹೆಸರು ಸೇರಿಸಿ ಕರೆಯುವುದೇ ಗೌರವ. ಪಾಸ್‌ಪೋರ್ಟಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು, ರಷ್ಯನ್ ಅನುವಾದದಲ್ಲಿ ಮತ್ತೊಂದು ಆದರೆ ಒಬ್ಬನೇ ಹುಡುಗ ಮೂವರಾಗುತ್ತಾನೆ. ಇದನ್ನು ದಾವಣಗೆರೆಯಲ್ಲಿದ್ದಾಗಲೇ ಸರಿಪಡಿಸಿಕೊಳ್ಳುವುದು ಲೇಸು. ಓದುವ ವೀಸಾಕ್ಕೆ ಸಂಸ್ಥೆಯ ಆಹ್ವಾನ ಪತ್ರವೂ ಬೇಕು.

ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಜೊತೆ ಒಂದು ಜೊತೆ ಮನೆಚಪ್ಪಲಿಯೂ ಇರಲಿ. ರಷ್ಯನ್ನರ ಮನೆಗೆ ಹೋದರೆ ಹೊರಗಿನ ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ನಮ್ಮಲ್ಲಿಯಂತೆಯೇ; ಆದರೆ ಒಳಗೆ ಬರಿಗಾಲಲ್ಲಿ ಓಡಾಡಲು ಮನೆಯ ಅಜ್ಜಿ ಬಿಡುವುದಿಲ್ಲ. ಹೂವು ಒಯ್ದರೆ ಮೂರೋ ಐದೋ ಇರಲಿ. ಸಮಸಂಖ್ಯೆಯ ಹೂವು ಅಲ್ಲಿ ಸಾವಿನ ಮನೆಗೆ. ಹೊರಡುವ ಹೊತ್ತಿಗೆ ಆ ಮನೆಯವರೆಲ್ಲ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಕುರ್ಚಿಯ ಮೇಲೋ ಪೆಟ್ಟಿಗೆಯ ಮೇಲೋ ಒಂದು ನಿಮಿಷ ಕುಳಿತರೆ ಗಾಬರಿಯಾಗಬೇಕಿಲ್ಲ. ದೂರದ ಪ್ರಯಾಣಕ್ಕೆ ಮುಂಚೆ ಹಾಗೆ ಕುಳಿತು ಏಳುವುದು ಅವರ ಪದ್ಧತಿ. ಆಮೇಲೆ ಎದ್ದು ಬಸ್ಸು ಹಿಡಿಯುತ್ತಾರೆ.